ಚಕ್ಕೋತದ ಚೆಂಡು

ಜವರಿಗೆ ಸ್ಕೂಲಿನ ಮೈದಾನದಲ್ಲಿ ಆಡಲು ಅಪ್ಪಣೆ ಇರಲಿಲ್ಲ. ಮೂರನೇ ಕ್ಲಾಸಿನ ಹುಡುಗಿ. ಮೈದಾನ ಗುಡಿಸಿ, ಕಲ್ಲು ಹೆಕ್ಕಿ ಚೊಕ್ಕ ಮಾಡುವ ಕೆಲಸ ಹೆಣ್ಣುಮಕ್ಕಳದು. ಆಮೇಲೆ ಅಲ್ಲಿ ಫುಟ್‌ಬಾಲ್ ಆಡುವವರು ಗಂಡುಮಕ್ಕಳು. ಕುಶಾಲನಗರದ ಹತ್ತಿರದ ಆ ಊರಿನಲ್ಲಿ ಇದು ಯಾರಿಗೂ ತಪ್ಪೆನಿಸಿರಲಿಲ್ಲ.

ಜವರಿಯ ತಾಯಿ ಸಿದ್ದಮ್ಮನಿಗಂತೂ ಒಂದೇ ಹೆದರಿಕೆ. "ಹೆಣ್ಣೈಕ್ಳು ಕಾಲೆತ್ತಿ ಒದೆಯೋದು ಅಂದ್ರೇನು? ಬಿದ್ದು ಕೈಕಾಲು ಊನ ಆದ್ರೆ ನಾಳೆ ಯಾವನು ಕಟ್ಕತ್ತಾನೆ? ಚೆಂಡು ಮುಟ್ಟಿದ್ದು ಗೊತ್ತಾದ್ರೆ ಕಾಲಿಗೆ ಬರೆ ಹಾಕ್ತೀನಿ" ಎಂದಿದ್ದಳು.

ಒಂದು ಸಂಜೆ ಜವರಿಯ ಅಣ್ಣ ನಾಗರಾಜು ಆಟದಲ್ಲಿ ಮಂಡಿ ತರಚಿಕೊಂಡು ಬಂದ. ಸಿದ್ದಮ್ಮ ಬಿಸಿನೀರು ಕಾಯಿಸಿ ತೊಳೆದಳು. "ಎಷ್ಟು ಗೋಲು ಹೊಡ್ದೆ ಮಗಾ?" ಎಂದು ಕೇಳಿದಳು. ಮೂಲೆಯಲ್ಲಿ ಜವರಿ ಬಲಗಾಲನ್ನು ಲಂಗದೊಳಕ್ಕೆ ಎಳೆದುಕೊಂಡು ಕೂತಿದ್ದಳು.

ಮಾರನೆಯ ದಿನ ಅವಳು ಕುಂಟತೊಡಗಿದಳು.

"ಏನೇ ಅದು?"

"ಮುಳ್ಳು ಕಣವ್ವಾ."

ಸಿದ್ದಮ್ಮ ಅರಿಶಿನ ಮೆತ್ತಿ ಬಟ್ಟೆ ಕಟ್ಟಿದಳು. ಮೂರು ದಿನ ಬಿಟ್ಟು ಬಿಚ್ಚಿ ನೋಡುವಾಗ ಪಾದ ಬದನೆಕಾಯಿಯಂತೆ ಊದಿ ಕಪ್ಪಿಟ್ಟಿತ್ತು. ಮೈ ಸುಡುತ್ತಿತ್ತು. ಸರ್ಕಾರಿ ನರ್ಸ್ ವನಜಮ್ಮ ಪಕ್ಕದ ಮನೆಯ ಬಾಣಂತಿಯನ್ನು ನೋಡಲು ಬಂದಿದ್ದರು. ಸಿದ್ದಮ್ಮ ಬೇಲಿಯಾಚೆಗೇ ಕೂಗಿ ಕರೆದಳು.

ವನಜಮ್ಮ ಮೊದಲು ಕಾಲು ನೋಡಲಿಲ್ಲ. "ಬಾಯಿ ತೆಗಿ ಮಗು. ಇನ್ನೂ ಅಗಲ."

"ನೋವು ಕಾಲ್ಗೆ ನರ್ಸಮ್ಮಾ, ಬಾಯಿಗಲ್ಲ."

"ಗೊತ್ತು. ಗಾಯಕ್ಕೆ ನಂಜೇರಿ ಧನುರ್ವಾಯು ಬಂದರೆ ಮೊದಲು ದವಡೆ ಕಚ್ಚಿಕೊಳ್ಳುತ್ತೆ. ಆಮೇಲೆ ಮೈಯೆಲ್ಲ ಬಿಲ್ಲಿನ ಹಾಗೆ ಬಾಗುತ್ತೆ. ಆಗ ಉಳಿಸೋದು ಯಾರ ಕೈಲೂ ಕಷ್ಟ."

ಜವರಿ ಬಾಯಿ ತೆರೆದಳು. ಸದ್ಯ, ತೆರೆಯಿತು.

ವನಜಮ್ಮ ಕಾಲು ಹಿಡಿದರು. "ಇದು ಮುಳ್ಳಲ್ಲ. ನಿಜ ಹೇಳು."

"ಸ್ಕೂಲಿನ ಹಿಂದೆ ಎತ್ತಿಗೆ ಲಾಳ ಹೊಡೀತಾರಲ್ಲ, ಅಲ್ಲಿ. ನಾನೂ ನನ್ ಗೆಳತಿ ಕಾಳಿನೂ ಚಕ್ಕೋತದ ಕಾಯಿ ಒದೀತಿದ್ದೋ. ಮೊಳೆ ಚುಚ್ಕತ್ತು."

"ಅವ್ವನಿಗೆ ಯಾಕೆ ಹೇಳಲಿಲ್ಲ?"

"ಬರೆ ಹಾಕ್ತಿದ್ಳು."



"ಗುಡಿಸಿದ ಜಾಗ ಹುಡುಗರಿಗೆ. ಸಗಣಿ, ತುಕ್ಕು ಮೊಳೆ ಇವರಿಗೆ" ಎಂದರು ವನಜಮ್ಮ. "ನೀವು ಬೇಡ ಅಂದರೆ ಆಟ ನಿಲ್ಲಲಿಲ್ಲ ಸಿದ್ದಮ್ಮ. ಕದ್ದು ಆಡಿದರು, ಅಷ್ಟೆ. ಏಳಿ, ಮಡಿಕೇರಿ ಆಸ್ಪತ್ರೆಗೆ ಹೋಗೋಣ, ಬಸ್ಸು ಬರುತ್ತೆ."

ಮಡಿಕೇರಿಯವರೆಗೆ ಸಿದ್ದಮ್ಮನದು ಒಂದೇ ಮಾತು: "ಬಾಯ್ ತೆಗಿ ಮಗಾ." ಮಗಳು ತೂಕಡಿಸಿದರೆ ಅಲುಗಿಸಿ ಎಬ್ಬಿಸಿ ತೆಗೆಸಿದಳು. ಆಸ್ಪತ್ರೆಯಲ್ಲಿ ಸೂಜಿ ಚುಚ್ಚಿದರು, ಕೊಳೆತದ್ದನ್ನು ಕೊಯ್ದರು. ಆಮೇಲೂ ಎಷ್ಟೋ ದಿನ ಮಂಚದ ಪಕ್ಕ ಕೂತು ಸಿದ್ದಮ್ಮ ಅದನ್ನೇ ಹೇಳಿದಳು.

ಊರಿಗೆ ಬಂದವಳೇ ಮಗಳನ್ನು ಎತ್ತಿಕೊಂಡು ಮೇಷ್ಟರ ಬಳಿ ಹೋದಳು. "ಗುಡ್ಸೋ ಹೆಣ್ಣೈಕ್ಳೂ ಮೈದಾನ್ದಲ್ಲೇ ಆಡ್ಲಿ ಸಾಮಿ. ಹಿಂದ್ಗಡೆ ಬ್ಯಾಡ."

"ಹುಡುಗೀರು ಫುಟ್‌ಬಾಲಾ?" ಮೇಷ್ಟರು ನಕ್ಕರು.

"ನನ್ ಮಗಳ ಕಾಲು ನೋಡ್ಬುಟ್ಟು ನಗಿ."

ಮೇಷ್ಟರು ನೋಡಿದರು. ಮರುದಿನದಿಂದ ಚೆಂಡು ಹುಡುಗಿಯರಿಗೂ ಸಿಕ್ಕಿತು.

ತಂದೆತಾಯಂದಿರೇ, ನೀವು ಬೈದರೂ ಹೆಣ್ಣುಮಕ್ಕಳು ಆಡುತ್ತಾರೆ. ಚೊಕ್ಕ ಜಾಗದಲ್ಲಿ, ಎಲ್ಲರ ಕಣ್ಣೆದುರು ಆಡಲು ಬಿಡಿ. ಗಾಯವಾದರೆ ಹೆದರದೆ ಬಂದು ಹೇಳುವಂತೆ ನಡೆದುಕೊಳ್ಳಿ. ಮೊಳೆ ಚುಚ್ಚಿದರೆ ಸೋಪು ನೀರಿನಲ್ಲಿ ತೊಳೆದು ಅದೇ ದಿನ ಆಸ್ಪತ್ರೆಗೆ ಕರೆದೊಯ್ಯಿರಿ.

ಜವರಿ ಬದುಕಿದಳು. ಬಲಗಾಲಿನ ಎರಡು ಬೆರಳು ಹೋದವು.