ಅತ್ತಿಗೆಯ ಮೂವತ್ನಾಲ್ಕು ಕಿಲೋಮೀಟರು

ಸ್ವಿಚ್ ಆರಿಸಿದ್ದು ಯಾರು ಅಂತ ಆ ಮನೆಯಲ್ಲಿ ಪತ್ತೇದಾರಿ ಮಾಡುವ ಅಗತ್ಯವೇ ಇರಲಿಲ್ಲ. ಮಲಗುವ ಮುಂಚೆ ಮನೆಯ ಸ್ವಿಚ್ಚುಗಳನ್ನೆಲ್ಲ ಟಕಟಕ ಆರಿಸಿಕೊಂಡು ಬರುವುದು ಅತ್ತೆಮ್ಮನ ಐವತ್ತು ವರ್ಷದ ರೂಢಿ. ಟೀವಿ, ಫ್ಯಾನು, ಮೊಬೈಲ್ ಚಾರ್ಜರು, ಒಂದನ್ನೂ ಬಿಡುವವರಲ್ಲ. ನಿನ್ನೆ ಒಂದು ಹೆಜ್ಜೆ ಮುಂದೆ ಹೋಗಿ ಹೊರಗಿನ ಗೋಡೆಯ ಸ್ವಿಚ್ಚಿಗೂ ಕೈ ಹಾಕಿದ್ದರು.

"ಅಮ್ಮಾ, ಅದು ಕಾರಿನ ಚಾರ್ಜಿನ ಸ್ವಿಚ್ಚಮ್ಮಾ!" ಬೆಳಿಗ್ಗೆ ಏಳು ಗಂಟೆಗೆ ಅವರ ಕಿರಿಯ ಮಗ ತಲೆ ತಲೆ ಚಚ್ಚಿಕೊಂಡ.

"ಕಾರು ಸುಮ್ನೆ ನಿಂತಿತ್ತಲ್ಲೋ. ನಿಂತಿರೋ ಕಾರಿಗೆ ಕರೆಂಟ್ ಯಾಕೆ?"

ಇದಕ್ಕೆ ಉತ್ತರ ಕೊಡುವ ಗಂಡಸು ಇನ್ನೂ ಹುಟ್ಟಿ ಬರಬೇಕು. ಮಗರಾಯ ಹೊರಗೆ ಓಡಿ ಸ್ವಿಚ್ ಹಾಕಿದ.

ಬಾಗಿಲಲ್ಲಿ ನಿಂತು ಕೇಳುತ್ತಿದ್ದ ಅತ್ತಿಗೆಯ ಎದೆ ಮಾತ್ರ ಧಸಕ್ ಅಂದಿತು. ಅವಳ ಡ್ರೈವಿಂಗ್ ಟೆಸ್ಟು ಇವತ್ತೇ, ಹನ್ನೊಂದು ಗಂಟೆಗೆ, ನಲವತ್ತಾರು ಕಿಲೋಮೀಟರ್ ಆಚೆ.

ಅತ್ತಿಗೆ ಅಂದರೆ ಈ ಮನೆಯ ಹಿರಿ ಸೊಸೆ. ಮೈದುನ ಕರೆಯುವುದನ್ನು ಕೇಳಿ ಕೇಳಿ ಇಡೀ ಬೀದಿಗೇ ಅವಳು ಅತ್ತಿಗೆ, ಎಂಬತ್ತು ದಾಟಿದ ಮೂಲೆಮನೆ ತಾತನೂ "ಅತ್ತಿಗೆ, ನನ್ನ ಅಂಗಿ ಆಯ್ತಾ?" ಅಂತಲೇ ಕೇಳುವುದು. ಗಂಡ ಹೆಂಡತಿ ಇಬ್ಬರೂ ಮನೆಯ ಹಿಂಭಾಗದಲ್ಲಿ ಲಾಂಡ್ರಿ ನಡೆಸುತ್ತಾರೆ. ನರ್ಸಿಂಗ್ ಹೋಮಿನ ಹೊದಿಕೆ, ದಿಂಬಿನ ಚೀಲ, ಡಾಕ್ಟರುಗಳ ಬಿಳಿ ಕೋಟು, ಎಲ್ಲವನ್ನೂ ಒಗೆದು ಇಸ್ತ್ರಿ ಹಾಕಿ ಮೂಟೆ ಕಟ್ಟಿ, ಬೆಳಿಗ್ಗೆ ಆರಕ್ಕೆ ವ್ಯಾನಿನಲ್ಲಿ ತಲುಪಿಸಬೇಕು. ಇಪ್ಪತ್ತೆರಡು ವರ್ಷ ಆ ವ್ಯಾನ್ ಓಡಿಸಿದ್ದು ಯಜಮಾನರು. ಹೋದ ವರ್ಷ ಅವರ ಕಣ್ಣಿನೊಳಗೆ ಏನೋ ಪೊರೆ ಕಳಚಿಕೊಂಡು, ಎರಡು ಆಪರೇಷನ್ ಆಗಿ, ಕೊನೆಗೆ ಡಾಕ್ಟರು "ಇನ್ನು ಸ್ಟೀರಿಂಗ್ ಮುಟ್ಟೋ ಹಾಗಿಲ್ಲ" ಅಂದುಬಿಟ್ಟರು. ಅವತ್ತಿನಿಂದ ಆ ಮನುಷ್ಯ ಮನೆಯಿಂದಾಚೆ ಕಾಲಿಟ್ಟಿಲ್ಲ. ಕೇಳಿದ್ದಕ್ಕೆ ಹೂಂ, ಉಹೂಂ, ಅಷ್ಟೇ. ಈಗಿರುವ ಡ್ರೈವರೂ ತಿಂಗಳ ಕೊನೆಗೆ ಹೊರಡುತ್ತೇನೆ ಅಂದಿದ್ದಾನೆ.

ಅದಕ್ಕೇ ಅತ್ತಿಗೆ ನಲವತ್ತೊಂಬತ್ತನೇ ವಯಸ್ಸಿಗೆ ಸ್ಟೀರಿಂಗ್ ಹಿಡಿದದ್ದು. ಹಿಡಿದದ್ದೇನೋ ಸರಿ, ಎರಡು ಸಲ ಫೇಲು. ಸ್ವಲ್ಪ ಅನುಮಾನ ಬಂದರೆ ಸಾಕು, ಬ್ರೇಕು. ಎದುರಿಗೆ ಸೈಕಲ್ ಬಂದರೆ ಬ್ರೇಕು, ನಾಯಿ ಮಗ್ಗುಲು ಬದಲಿಸಿದರೆ ಬ್ರೇಕು. ಮೊದಲನೇ ಟೆಸ್ಟಿನಲ್ಲಿ ನಾಲ್ಕು ರಸ್ತೆ ಸೇರುವಲ್ಲಿ ನಿಂತವಳು ನಿಂತೇಬಿಟ್ಟಳು. ಎರಡನೇದರಲ್ಲಿ ಇನ್‌ಸ್ಪೆಕ್ಟರು ಪೆನ್ನಿನ ಮುಚ್ಚಳ ತೆಗೆದ ಸದ್ದಿಗೇ ಬ್ರೇಕ್ ಒತ್ತಿದಳು. ಕಲಿಯುವವರ ಲೈಸೆನ್ಸು ನಾಳೆಗೆ ಮುಗಿಯುತ್ತದೆ. ಇವತ್ತು ತಪ್ಪಿದರೆ ಮತ್ತೆ ಅ ಆ ಇ ಈಯಿಂದ ಶುರು, ಅಷ್ಟರೊಳಗೆ ನರ್ಸಿಂಗ್ ಹೋಮಿನವರು ಬೇರೆ ಲಾಂಡ್ರಿ ನೋಡಿಕೊಂಡಿರುತ್ತಾರೆ.

ಇನ್ನು ಈ ಕಾರಿನ ಕಥೆ. ಮೈದುನನದು ಡ್ರೈವಿಂಗ್ ಸ್ಕೂಲು. ಮೂರು ವರ್ಷದ ಲೀಸಿಗೆ ಎಲೆಕ್ಟ್ರಿಕ್ ಕಾರು ತಂದ. ಅದು ಮೊದಲೇ ಇನ್ಯಾರೋ ಓಡಿಸಿ ದಣಿಸಿದ್ದ ಗಾಡಿ. ಹೊಟ್ಟೆ ತುಂಬ ಚಾರ್ಜ್ ಮಾಡಿದರೂ ನೂರೇ ಕಿಲೋಮೀಟರ್ ತೋರಿಸುತ್ತದೆ, ಎ.ಸಿ. ಹಾಕಿದರೆ ಎಪ್ಪತ್ತಕ್ಕೆ ಇಳಿಯುತ್ತದೆ. ದಾರಿಯಲ್ಲಿ ಚಾರ್ಜ್ ಮುಗಿದು ನಿಂತರೆ ಕಂಪನಿಯವರು ಎಳೆದುಕೊಂಡು ಹೋಗಿ ವಾರಗಟ್ಟಲೆ ಇಟ್ಟುಕೊಳ್ಳುತ್ತಾರೆ ಅಂತ ಕರಾರು ಬೇರೆ. ಹಾಸಿಗೆ ಇದ್ದಷ್ಟು ಕಾಲು ಚಾಚು ಅಂತ ಹಿರಿಯರು ಹೇಳಿದ್ದು ಈ ಗಾಡಿಗೇ ಇರಬೇಕು. ಎ.ಸಿ.ಗೆ ಕಾಯಂ ರಜೆ, ಡಿಕ್ಕಿಯಲ್ಲಿ ಒಂದು ಚಿಂದಿ ಬಟ್ಟೆಯೂ ಇರಕೂಡದು, ತೂಕದ ವಿದ್ಯಾರ್ಥಿಗಳಿಗೆ ಬೆಳಗಿನ ತಂಪಿನಲ್ಲೇ ಪಾಠ. ಇಷ್ಟೆಲ್ಲ ಕಟ್ಟುನಿಟ್ಟು ಮಾಡುವ ಮೇಷ್ಟ್ರು ತಾನು ಓಡಿಸುವಾಗ ಮಾತ್ರ ಮೂರು ಲೋಕ ಮರೆಯುತ್ತಿದ್ದ. ಓಡಿಸುವುದೂ ಜೋರು, ಬ್ರೇಕ್ ತುಳಿಯುವುದೂ ಜೋರು.

ಇವತ್ತು ಕಾರಿನ ಸ್ಕ್ರೀನಿನಲ್ಲಿ ನಲವತ್ನಾಲ್ಕು ಕಿಲೋಮೀಟರ್ ಅಂತಿತ್ತು. ಟ್ಯಾಕ್ಸಿಯಲ್ಲಿ ಹೋಗೋಣವೆಂದರೆ ಟೆಸ್ಟ್ ಕೊಡಬೇಕಾದದ್ದೇ ಮೇಷ್ಟ್ರ ಕಡೆಗೂ ಒಂದು ಬ್ರೇಕಿರುವ ಈ ಕಲಿಕೆಯ ಕಾರಿನಲ್ಲಿ. ಎರಡು ಗಂಟೆ ಚಾರ್ಜಿಗೆ ಹಾಕಿ ಕಾದರು. ಒಂಬತ್ತೂಕಾಲಿಗೆ ಐವತ್ತೆಂಟು ಆಯಿತು.

"ನಲವತ್ತಾರಕ್ಕೆ ಐವತ್ತೆಂಟು ಧಾರಾಳ. ಕೂತ್ಕೊಳ್ಳಿ ಅತ್ತಿಗೆ," ಅಂದ ಮೈದುನ. "ನಾನೇ ಓಡಿಸ್ತೀನಿ. ನೀವು ಟೆಸ್ಟಿಗೆ ಶಕ್ತಿ ಉಳಿಸ್ಕೊಳ್ಳಿ."

ಶಕ್ತಿ ಉಳಿಸಿಕೊಳ್ಳಬೇಕಾದದ್ದು ಯಾರು ಅಂತ ಹನ್ನೆರಡು ಕಿಲೋಮೀಟರಿನಲ್ಲೇ ಗೊತ್ತಾಯಿತು. ಲಾರಿ ಹಿಂದೆ ಹಾಕಿದ, ಬಸ್ಸು ಹಿಂದೆ ಹಾಕಿದ, ಸಿಗ್ನಲ್ಲಿನಲ್ಲಿ ಕಿರ್ರ್ ಅಂತ ನಿಲ್ಲಿಸಿದ, ಹಸಿರಿಗೆ ಬಾಣ ಬಿಟ್ಟ ಹಾಗೆ ಹೊರಟ. ಐವತ್ತೆಂಟಿದ್ದದ್ದು ಮೂವತ್ತೆಂಟಾಯಿತು. ಅಲ್ಲೇ ರಸ್ತೆ ಪಕ್ಕದ ಚಾರ್ಜಿಂಗ್ ಯಂತ್ರದ ಹತ್ತಿರ ನಿಲ್ಲಿಸಿದರೆ ಅದರ ಪರದೆ ಕಪ್ಪಾಗಿ ಸತ್ತು ಮಲಗಿತ್ತು. ಮೈದುನ ಗುದ್ದಿದ, ಬೇಡಿಕೊಂಡ, ಬೈದ. ಯಂತ್ರ ಅತ್ತೆಮ್ಮನಷ್ಟೇ ಗಟ್ಟಿ, ಜಪ್ಪಯ್ಯ ಅನ್ನಲಿಲ್ಲ.

"ಆಗಲ್ಲ ಅತ್ತಿಗೆ." ಅವನ ಮುಖ ಸಪ್ಪಗಾಗಿತ್ತು. "ಇನ್ನೂ ಮೂವತ್ನಾಲ್ಕು ಇದೆ, ಮಧ್ಯೆ ಆ ಏರು ಬೇರೆ. ನಲವತ್ತೈದಾದ್ರೂ ಬೇಕು. ತಪ್ಪು ನಂದೇ. ಬನ್ನಿ, ವಾಪಸ್ ಹೋಗೋಣ."

ವಾಪಸ್ ಅನ್ನುವ ಮಾತು ಕೇಳಿದ್ದೇ ಅತ್ತಿಗೆಗೆ ಕಿಟಕಿಯ ಪಕ್ಕ ಕೂತ ಗಂಡನ ಮುಖ ಕಣ್ಣ ಮುಂದೆ ಬಂತು. ಅವರು ಏನೂ ಅನ್ನುವುದಿಲ್ಲ, ಹೂಂ ಅನ್ನುತ್ತಾರೆ ಅಷ್ಟೇ. ಆ ಹೂಂ ಕೇಳುವುದು ತನ್ನ ಕೈಲಾಗದು ಅನ್ನಿಸಿತು ಅವಳಿಗೆ. ಬಾಗಿಲು ತೆಗೆದು ಇಳಿದು, ಕಾರು ಸುತ್ತಿಕೊಂಡು ಅವನ ಪಕ್ಕಕ್ಕೆ ಬಂದಳು.

"ಈ ಕಡೆ ಬಾ. ನಾನು ಓಡಿಸ್ತೀನಿ."

"ನೀವಾ! ನಿಮ್ಮ ಸ್ಪೀಡಲ್ಲಿ ಹೋದ್ರೆ ಹನ್ನೊಂದು ಗಂಟೆಗಲ್ಲ, ಹನ್ನೊಂದನೇ ತಿಂಗಳಿಗೆ ಮುಟ್ತೀವಿ."

"ನಾನು ಓಡಿಸೋವಾಗ ಹತ್ತು ಕಿಲೋಮೀಟರಿಗೆ ಒಂಬತ್ತೋ ಹತ್ತೋ ಇಳಿಯುತ್ತೆ. ಪಾಠ ಮುಗಿದು ನೀನು ಮನೆಗೆ ತರೋವಾಗ ಅದೇ ಹತ್ತಕ್ಕೆ ಹದಿನಾರು. ಎಷ್ಟು ತಿಂಗಳಿಂದ ನೋಡ್ತಾ ಇದ್ದೀನಿ."

ಮೈದುನ ಕಣ್ಣು ಕಣ್ಣು ಬಿಟ್ಟ. "ಮತ್ತೆ ಯಾಕೆ ಒಂದು ಮಾತು ಹೇಳ್ಲಿಲ್ಲ?"

"ನೀನು ಮೇಷ್ಟ್ರು, ನಾನು ಎರಡು ಸಲ ಡುಮ್ಕಿ ಹೊಡೆದವಳು. ಯಾವ ಬಾಯಲ್ಲಿ ಹೇಳ್ಲಿ? ಇಳಿಯಪ್ಪಾ, ಹೊತ್ತಾಗುತ್ತೆ."

ಇಳಿದ. ಆರು ತಿಂಗಳಿಂದ "ಎಮ್ಮೆ ಹೊಡ್ಕೊಂಡು ಹೋಗ್ತಿದ್ದೀರಾ ಅತ್ತಿಗೆ?" ಅಂತ ರೇಗಿಸಿದವನು ಪಕ್ಕದ ಸೀಟಿನಲ್ಲಿ ಕೂತು ಬೆಲ್ಟು ಬಿಗಿದುಕೊಂಡ.

ಇಸ್ತ್ರಿ ಮಾಡುವವರಿಗೆ ಒಂದು ವಿಷಯ ಗೊತ್ತಿರುತ್ತದೆ. ದಪ್ಪ ಬಟ್ಟೆ ಮೊದಲು, ತೆಳ್ಳನೆಯದು ಕೊನೆಗೆ. ಕೊನೆಯ ಐದಾರು ಬಟ್ಟೆ ಇರುವಾಗಲೇ ಪೆಟ್ಟಿಗೆಯ ಕರೆಂಟು ಆರಿಸಿಬಿಡಬೇಕು, ಉಳಿದ ಬಿಸಿಯಲ್ಲೇ ಅವು ಮುಗಿದುಹೋಗುತ್ತವೆ. ಅತ್ತಿಗೆ ಇಪ್ಪತ್ತು ವರ್ಷದಿಂದ ಹಾಗೇ ಮಾಡಿಕೊಂಡು ಬಂದವಳು. ಕಾರಿನಲ್ಲೂ ಅದೇ ಲೆಕ್ಕ, ದೂರದಲ್ಲಿ ತಿರುವು ಕಂಡ ಕೂಡಲೇ ಆಕ್ಸಿಲರೇಟರಿನಿಂದ ಕಾಲೆತ್ತಿಬಿಡುತ್ತಿದ್ದಳು; ಉಳಿದ ಓಟದಲ್ಲೇ ಕಾರು ತಿರುವಿನವರೆಗೂ ಹೋಗುತ್ತಿತ್ತು. ಕಾಲೆತ್ತಿದಾಗ ಚಕ್ರದಿಂದಲೇ ಬ್ಯಾಟರಿಗೆ ಒಂದಿಷ್ಟು ಕರೆಂಟ್ ವಾಪಸ್ ಹೋಗುತ್ತದೆ ಅಂತ ಮೈದುನನೇ ಮೊದಲ ದಿನ ಪಾಠ ಹೇಳಿದ್ದ. ಹೇಳಿದವನು ಮರೆತಿದ್ದ, ಕೇಳಿದವಳು ಮರೆತಿರಲಿಲ್ಲ.

ಆದರೆ ಹುಟ್ಟು ಗುಣ ಎಲ್ಲಿ ಹೋಗುತ್ತದೆ? ಎರಡು ಕಿಲೋಮೀಟರ್ ಹೋಗುವಷ್ಟರಲ್ಲಿ ಪಕ್ಕದ ಓಣಿಯಿಂದ ಒಂದು ಟೆಂಪೋ ಮೂತಿ ತೋರಿಸಿತು. ಅತ್ತಿಗೆ ಗಕ್ಕನೆ ಬ್ರೇಕ್ ಒತ್ತಿದಳು. ಟೆಂಪೋ ಅಲ್ಲೇ ನಿಂತಿತ್ತು, ಅದಕ್ಕೆ ಬರುವ ಉದ್ದೇಶವೇ ಇರಲಿಲ್ಲ. ಮತ್ತೆ ಹೊರಟಾಗ ಅಂಕಿ ಒಂದೇ ಏಟಿಗೆ ಎರಡು ಇಳಿಯಿತು. ಸುಮ್ಮಸುಮ್ಮನೆ ನಿಂತರೆ ಇಷ್ಟು ದಂಡವೇ! ಇನ್ನು ನಿಲ್ಲಲೇಬೇಕಾದಲ್ಲಿ ನಿಲ್ಲುತ್ತೇನೆ, ಭಯಕ್ಕೆ ನಿಲ್ಲುವುದಿಲ್ಲ ಅಂತ ಹಲ್ಲು ಕಚ್ಚಿದಳು.

ಅಲ್ಲಿಂದ ಅವಳ ಕಣ್ಣು ಬಾನೆಟ್ಟಿನ ತುದಿ ಬಿಟ್ಟು ರಸ್ತೆಯ ತುದಿಗೆ ಹೋಯಿತು. ಅಲ್ಲಿ ಬಸ್ಸು ನಿಂತಿದೆ, ಇಲ್ಲಿಂದಲೇ ಕಾಲೆತ್ತು. ಆ ಸಿಗ್ನಲ್ಲು ಕೆಂಪಾಗಿ ಬಹಳ ಹೊತ್ತಾಯಿತು, ನಾವು ಹೋಗುವಷ್ಟರಲ್ಲಿ ಹಸಿರಾಗುತ್ತೆ, ನಿಧಾನಕ್ಕೆ ಹೋಗು. ಎದುರಿನವನು ದೂರ ಇದ್ದಾನೆ, ಈಗಲೇ ನುಗ್ಗು. ಹಿಂದಿನವರು ಹಾರನ್ ಹೊಡೆದರು. ಒಬ್ಬ ಪಕ್ಕಕ್ಕೆ ಬಂದು "ಅಮ್ಮಾ, ಮನೇಲಿ ಹಾಸಿಗೆ ಇಲ್ವಾ?" ಅಂತ ಕೂಗಿದ. "ನೂರಾರಿದೆ, ದಿನಾ ಒಗೀತೀನಿ!" ಅಂತ ಅತ್ತಿಗೆ ಅಲ್ಲಿಂದಲೇ ಜವಾಬು ಕೊಟ್ಟಳು. ಮೈದುನ ಕಿಸಕ್ಕನೆ ನಕ್ಕ.

ಏರಿನ ಬುಡಕ್ಕೆ ಬಂದಾಗ ಇಪ್ಪತ್ತಮೂರು ಉಳಿದಿತ್ತು, ಹೋಗಬೇಕಾದದ್ದು ಹದಿನೆಂಟು. ಏರು ಮಾತ್ರ ರಾಕ್ಷಸ. ಆರು ಕಿಲೋಮೀಟರಿನಲ್ಲಿ ಹದಿನಾರು ನುಂಗಿತು. ತುದಿ ಮುಟ್ಟಿದಾಗ ಅಂಕಿ ಏಳು, ದಾರಿ ಇನ್ನೂ ಹನ್ನೆರಡು. ಬಿಸಿಲಿಗೆ ಇಬ್ಬರ ಬೆನ್ನೂ ಸೀಟಿಗೆ ಅಂಟಿತ್ತು. "ನಿಲ್ಸಿಬಿಡಿ ಅತ್ತಿಗೆ, ಮಧ್ಯದಾರೀಲಿ ಕೈಕೊಟ್ರೆ ಕಾರೂ ಹೋಗುತ್ತೆ, ಮರ್ಯಾದೆನೂ ಹೋಗುತ್ತೆ," ಅಂತ ಗೊಣಗಿದ ಮೈದುನ.

"ಇಳಿಜಾರು ಇದೆಯಲ್ಲ. ಸುಮ್ನಿರು."

ಇಳಿಜಾರು ಶುರುವಾಯಿತು. ಕಾಲು ಎತ್ತಿ, ಕಾರನ್ನು ಹರಿಯಲು ಬಿಟ್ಟಳು. ಏಳು ಏಳಾಗಿಯೇ ಇತ್ತು. ಒಂದು ತಿರುವು, ಎರಡು ತಿರುವು. ಆಮೇಲೆ ಎಂಟಾಯಿತು. ಮೈದುನ ಚಿಕ್ಕ ಮಕ್ಕಳ ಹಾಗೆ ಸ್ಕ್ರೀನಿಗೆ ಬೆರಳು ತೋರಿಸಿ "ಏರ್ತಾ ಇದೆ ಅತ್ತಿಗೆ, ಏರ್ತಾ ಇದೆ!" ಅಂತ ಕೂಗಿದ. ಕೆಳಗೆ ಬಂದಾಗ ಒಂಬತ್ತು.

ಟೆಸ್ಟಿನ ಮೈದಾನದ ಗೇಟು ದಾಟಿದಾಗ ಹತ್ತು ಐವತ್ತು. ಉಳಿದದ್ದು ಐದು ಕಿಲೋಮೀಟರು. ಟೆಸ್ಟಿನ ಸುತ್ತೇ ಮೂರು ಕಿಲೋಮೀಟರು.

ಇನ್‌ಸ್ಪೆಕ್ಟರು ಅದೇ ಇನ್‌ಸ್ಪೆಕ್ಟರು, ಪೆನ್ನೂ ಅದೇ. ಮೈದುನ ಹಿಂದಿನ ಸೀಟಿಗೆ ಹೋದ. ಇನ್‌ಸ್ಪೆಕ್ಟರು ಒಳಗೆ ಕೂತವರೇ ಕತ್ತಿನ ಬೆವರೊರೆಸಿಕೊಂಡು "ಏನಮ್ಮಾ ಇದು, ಒಲೆಯೊಳಗೆ ಕೂರಿಸಿದ ಹಾಗಿದೆ. ಎ.ಸಿ. ಹಾಕಿ," ಅಂದರು.

ಹಿಂದೆ ಮೈದುನ ಸೀಟಿನ ತುದಿಗೆ ಸರಿದು ಕೂತ. ಇನ್‌ಸ್ಪೆಕ್ಟರ ಮಾತು ಮೀರಿದ ಅಭ್ಯರ್ಥಿಯನ್ನು ಅವನು ಕಂಡಿರಲಿಲ್ಲ.

"ಇಲ್ಲ ಸಾರ್, ಹಾಕಲ್ಲ," ಅಂದಳು ಅತ್ತಿಗೆ. ತನ್ನ ದನಿ ಕೇಳಿ ಅವಳಿಗೇ ಆಶ್ಚರ್ಯವಾಯಿತು. "ಹಾಕಿದ್ರೆ ಸುತ್ತು ಮುಗಿಯೋ ಮುಂಚೆ ಕಾರು ನಿಲ್ಲುತ್ತೆ. ದಯವಿಟ್ಟು ಕಿಟಕಿ ಇಳಿಸ್ಕೊಳ್ಳಿ."

ಇನ್‌ಸ್ಪೆಕ್ಟರು ಅವಳನ್ನು ನೋಡಿದರು, ಅಂಕಿಯನ್ನು ನೋಡಿದರು. ಕಿಟಕಿ ಇಳಿಸಿದರು. "ಸರಿ, ನಡೀರಿ."

ಹೊರಟಳು. ಏರಿನಲ್ಲಿ ನಿಲ್ಲಿಸಿ ಹಿಂದೆ ಜಾರದೆ ಹೊರಡಿಸಿದಳು, ಎರಡು ಕಂಬದ ನಡುವೆ ಹಿಮ್ಮುಖವಾಗಿ ನಿಲ್ಲಿಸಿದಳು. ಆಮೇಲೆ ಆ ನಾಲ್ಕು ರಸ್ತೆ ಸೇರುವ ಜಾಗ. ಇನ್‌ಸ್ಪೆಕ್ಟರು ಪೆನ್ನಿನ ಮುಚ್ಚಳ ತೆಗೆದರು. ಅವಳಿಗೆ ಕೇಳಿಸಿತು, ಆದರೆ ಕಣ್ಣು ಆಗಲೇ ರಸ್ತೆಯ ಆ ತುದಿಯಲ್ಲಿತ್ತು. ಒಂದು ಸ್ಕೂಟರಿಗೆ ದಾರಿ ಬಿಟ್ಟಳು, ಅದರ ಹಿಂದೆ ಜಾಗ ಕಂಡಿತು, ದಾಟಿಬಿಟ್ಟಳು.

"ಎಲ್ಲಿಂದ ಬಂದ್ರಿ?" ಅಂತ ಕೇಳಿದರು ಇನ್‌ಸ್ಪೆಕ್ಟರು, ಬರೆಯುತ್ತಾ.

"ನಲವತ್ತಾರು ಕಿಲೋಮೀಟರ್ ಆಚೆಯಿಂದ ಸಾರ್."

"ಈ ಗಾಡೀಲಾ? ಯಾರು ಓಡಿಸಿದ್ದು?"

"ಹನ್ನೆರಡು ನಾನು, ಮೂವತ್ನಾಲ್ಕು ಅವರು," ಅಂತ ಹಿಂದಿನಿಂದ ಮೈದುನ ಹೇಳಿದ. "ನಾನು ಓಡಿಸಿದ್ರೆ ನಾವಿಲ್ಲಿ ಇರ್ತಿರಲಿಲ್ಲ ಸಾರ್."

ಪಾಸು. ಕಾಗದ ಕೈಗೆ ಬಂದಾಗ ಅತ್ತಿಗೆ ಅದನ್ನು ಎರಡು ಸಲ ಓದಿದಳು, ಮೂರನೇ ಸಲ ಓದಲು ಕಣ್ಣು ಮಂಜಾಗಿತ್ತು. ಕಾರಿಗೆ ಅಲ್ಲಿನ ಕ್ಯಾಂಟೀನಿನ ಹಿಂದೆ ಒಂದು ಪ್ಲಗ್ಗು ಸಿಕ್ಕಿತು. ಕಡಿಮೆಯೆಂದರೂ ಆರೇಳು ತಾಸು ಕಾಯಬೇಕಿತ್ತು. ಮೈದುನ ಟೀ ತರಲು ಹೋದ. ಅವಳು ಗೋಡೆಯ ನೆರಳಿನಲ್ಲಿ ನಿಂತು ಗಂಡನಿಗೆ ಫೋನ್ ಮಾಡಿದಳು.

"ರೀ, ಪಾಸಾದೆ."

"ಒಳ್ಳೇದಾಯ್ತು. ಇನ್ನು ವ್ಯಾನು ನಿಂದು," ಅಂದರು ಯಜಮಾನರು. ಸಂತೋಷವೇ, ಆದರೆ ಬಾಗಿಲು ಮುಚ್ಚಿಕೊಂಡು ಒಳಗಿನಿಂದ ಹೇಳಿದ ಹಾಗಿತ್ತು. ಈ ಮನುಷ್ಯನನ್ನು ಮನೆಯಲ್ಲಿ ಕೂರಿಸಿ ತಾನೊಬ್ಬಳೇ ಹೋಗಲಿಕ್ಕಾ ಇಷ್ಟೆಲ್ಲ ಕಲಿತದ್ದು?

"ನನ್ನೊಬ್ಬಳದು ಹೇಗಾಗುತ್ತೆ? ಪಕ್ಕದ ಸೀಟು ನಿಮ್ದು. ಆ ನರ್ಸಿಂಗ್ ಹೋಮಿನ ಗೇಟಲ್ಲಿ ವ್ಯಾನ್ ಹೇಗೆ ಒಳಗೆ ತಗೊಳ್ಳೋದು ಅಂತ ಯಾವ ಮೇಷ್ಟ್ರೂ ನನಗೆ ಹೇಳಿಕೊಟ್ಟಿಲ್ಲ."

"ನನ್ನ ಕಣ್ಣು..."

"ಓಡಿಸೋಕೆ ನನ್ನ ಕಣ್ಣಿದೆ. ದಾರಿ ನಿಮಗೆ ಗೊತ್ತು. ಹೇಳ್ತೀರೋ ಇಲ್ವೋ?"

ಆ ಕಡೆ ಕುರ್ಚಿ ಸರಿದ ಸದ್ದು ಕೇಳಿಸಿತು.

"ಆ ಗೇಟಿಗೆ ನೇರವಾಗಿ ನುಗ್ಗಬಾರದು ಕಣೇ," ಅಂದರು ಯಜಮಾನರು. "ಮುಂದಕ್ಕೆ ಹೋಗಿ ಔಷಧಿ ಅಂಗಡಿ ಹತ್ತಿರ ತಿರುಗಿಸ್ಕೊಂಡು ಬರಬೇಕು. ಒಳಗೆ ಒಂದು ಕಂಬ ಇದೆ, ಕನ್ನಡಿಗೆ ತಾಗುತ್ತೆ. ನಾನು ಇಳಿದು ನಿಂತ್ಕೋತೀನಿ ಬಿಡು, ಕೈ ತೋರಿಸ್ತೀನಿ. ಆಮೇಲೆ ಆ ವಾಚ್‌ಮನ್ ಇದ್ದಾನಲ್ಲ, ಆರಕ್ಕೆ ಮುಂಚೆ ಬಾಗಿಲು ತೆಗೆಯಲ್ಲ ಅವನು, ಆದರೆ ನನ್ನ ದನಿ ಕೇಳಿದ್ರೆ..."

ಹೇಳುತ್ತಾ ಹೋದರು. ಒಂದು ವರ್ಷದ ಮಾತೆಲ್ಲ ಒಟ್ಟಿಗೆ ಬರುತ್ತಿತ್ತು. ಟೀ ತಂದ ಮೈದುನ ಏನೋ ಹೇಳಲು ಹೊರಟ. ಅತ್ತಿಗೆ ಬಾಯಿ ಮೇಲೆ ಬೆರಳಿಟ್ಟು ಅವನನ್ನು ಸುಮ್ಮನಿರಿಸಿ, ಫೋನನ್ನು ಕಿವಿಗೆ ಇನ್ನಷ್ಟು ಒತ್ತಿ ಹಿಡಿದಳು.