ಮೊದಲ ಗಂಟಲು

ಮುತ್ಸು ಕೊಲ್ಲಿಯ ದಡದ ಆ ಊರಿನಲ್ಲಿ ಸೆಗಾವಾ ಚಿಕಾಕೊ ಮದುವೆಗೆ ಮೊದಲಿನಿಂದಲೂ ಆಂಬುಲೆನ್ಸಿನಲ್ಲಿ ದುಡಿಯುತ್ತಿದ್ದವಳು. ಸರ್ಕಾರದ ಪರೀಕ್ಷೆ ಪಾಸು ಮಾಡಿ ತುರ್ತು ಚಿಕಿತ್ಸೆಯ ಪರವಾನಗಿಯನ್ನೂ ಪಡೆದಿದ್ದಳು. ಆದರೆ ಹೃದಯ ನಿಂತವರ ಉಸಿರ್ನಾಳಕ್ಕೆ ಕೊಳವೆ ಇಳಿಸಲು ಅಷ್ಟು ಸಾಲದು, ಅದಕ್ಕೆ ಬೇರೆಯೇ ಪ್ರಮಾಣಪತ್ರ ಬೇಕು. ಅದು ಸಿಗಬೇಕಾದರೆ, ಶಸ್ತ್ರಚಿಕಿತ್ಸೆಗೆ ಬಂದವರ ಗಂಟಲಲ್ಲಿ ಅರಿವಳಿಕೆ ಡಾಕ್ಟರ ಕಣ್ಣೆದುರೇ ಕೈ ಪಳಗಿಸಿಕೊಳ್ಳಬೇಕು. ಒಬ್ಬೊಬ್ಬರ ಮುಂದೆಯೂ ನಿಂತು ಒಪ್ಪಿಗೆ ಕೇಳಬೇಕು.

ಮೊದಲು ಸಿಕ್ಕವನು ಮುದುಕ ಯಸುಜೊ. ಕೊಲ್ಲಿಯಲ್ಲಿ ಚಿಪ್ಪುಮೀನು ಸಾಕುವವನು, ಪಿತ್ತಕೋಶದ ಕಲ್ಲು ತೆಗೆಸಲು ಬಂದಿದ್ದ. ಪಕ್ಕದಲ್ಲಿ ಹೆಂಡತಿ ಹಿದೆ ಸೇಬಿನ ಸಿಪ್ಪೆ ಸುಲಿಯುತ್ತಿದ್ದಳು.

"ಅಂದ್ರೆ ನಾನು ಎಚ್ಚರ ತಪ್ಪಿ ಬಿದ್ದಿರೋವಾಗ ನನ್ನ ಗಂಟಲಲ್ಲಿ ನೀನು ಪಾಠ ಕಲೀತೀಯ," ಎಂದ ಯಸುಜೊ.

"ಹೌದಜ್ಜ."

"ಇದುವರೆಗೆ ಎಷ್ಟು ಜನರ ಮೇಲೆ ಕಲ್ತಿದ್ದೀಯ?"

ರಬ್ಬರ್ ಬೊಂಬೆಗಳ ಲೆಕ್ಕ ಹೇಳಿ ಜಾರಿಕೊಳ್ಳಬಹುದಿತ್ತು. ಚಿಕಾಕೊಗೆ ಮನಸ್ಸಾಗಲಿಲ್ಲ. "ಜೀವ ಇರೋರಲ್ಲಿ ನೀವೇ ಮೊದಲು."

"ಹಾಗಾದ್ರೆ ಬೇಡ ತಾಯಿ. ಬೇರೆ ಗಂಟಲು ನೋಡ್ಕೊ."

ಹಿದೆ ತಲೆ ಎತ್ತದೆಯೇ ಅಂದಳು, "ಮೊದಲ ವರ್ಷ ನೀವು ಕಟ್ಟಿದ ಚಿಪ್ಪಿನ ಹಗ್ಗ ಬಿಚ್ಕೊಂಡು ಮಾವನ ಅರ್ಧ ಬೆಳೆ ಸಮುದ್ರದ ಪಾಲಾಗಿತ್ತು."

"ಅದು ಚಿಪ್ಪು ಕಣೆ, ಇದು ನನ್ನ ಕುತ್ತಿಗೆ."

ಚಿಕಾಕೊ ತಲೆಬಾಗಿ ವಂದಿಸಿ ಹೊರಟಳು. ಬಾಗಿಲ ಹತ್ತಿರ ಹೋಗುವಷ್ಟರಲ್ಲಿ ಮುದುಕ ಕೇಳಿದ, "ಇಷ್ಟಕ್ಕೂ ಯಾಕೆ ಬೇಕು ನಿಂಗೆ ಇದು?"

ಅವಳು ಹಿಂದಿರುಗಿ ಬಂದು ಹೇಳಿದಳು. ಹೋದ ಚಳಿಗಾಲದಲ್ಲಿ ಕಡಲಪಾಚಿ ಆಯುತ್ತಿದ್ದ ಹೆಂಗಸೊಬ್ಬಳು ಕಟ್ಟೆಯಿಂದ ಜಾರಿ ನೀರಿಗೆ ಬಿದ್ದಿದ್ದಳು. ಮೇಲೆತ್ತುವಾಗ ಎದೆಬಡಿತ ನಿಂತಿತ್ತು. ಮುಖಕ್ಕೆ ಒತ್ತಿ ಹಿಡಿದ ಗಾಳಿಚೀಲದಿಂದ ಎಷ್ಟು ಒತ್ತಿದರೂ ಉಸಿರು ಒಳಗೆ ಹೋಗಲಿಲ್ಲ. ಕೊಳವೆ ಗಾಡಿಯಲ್ಲೇ ಇತ್ತು. ಪ್ರಮಾಣಪತ್ರವಿದ್ದ ಸಹೋದ್ಯೋಗಿ ಇನ್ನೊಂದು ಗಾಡಿಯಲ್ಲಿದ್ದ. ಚಿಕಾಕೊ ಕೊಳವೆಯನ್ನು ಮುಟ್ಟಲಿಲ್ಲ. ಹೆಂಗಸು ಉಳಿಯಲಿಲ್ಲ.

"ಹಾಕಿದ್ರೆ ಉಳೀತಿದ್ಳಾ?"

"ಗೊತ್ತಿಲ್ಲ ಅಜ್ಜ. ಡಾಕ್ಟರಿಗೂ ಗೊತ್ತಿಲ್ಲ."

"ಆ ಹಾಳು ಕಾನೂನು ಪಕ್ಕಕ್ಕಿಟ್ಟು ಹಾಕಿಬಿಡಬಾರದಿತ್ತಾ?"

"ಕಲೀದೇ ಹಾಕಿದ್ರೆ ಅನ್ನನಾಳಕ್ಕೆ ಹೋಗುತ್ತೆ. ಹೊಟ್ಟೆಗೆ ಗಾಳಿ ತುಂಬ್ತಾ ಉಸಿರು ಕೊಡ್ತಿದ್ದೀನಿ ಅಂದ್ಕೊಂಡಿರ್ತೀನಿ. ಕಾನೂನು ಇರೋದು ನನ್ನಂಥೋರನ್ನ ತಡೆಯೋಕೇ."

ಮುದುಕ ಒಪ್ಪಿಗೆ ಪತ್ರವನ್ನು ಹತ್ತಿರಕ್ಕೆ ಎಳೆದುಕೊಂಡ. "ನಂಗೆ ಎಚ್ಚರ ಆದ್ಮೇಲೆ ನೀನೇ ಬಂದು ಏನಾಯ್ತು ಹೇಳ್ಬೇಕು. ಸುಳ್ಳು ಹೇಳ್ಬಾರ್ದು," ಎಂದು ಸಹಿ ಹಾಕಿದ.

ಮರುದಿನ ಬೆಳಿಗ್ಗೆ ಯಸುಜೊಗೆ ಮಂಪರು ಕವಿಯಿತು. ಅರಿವಳಿಕೆಯ ಶಿರಾತೋರಿ ಡಾಕ್ಟರಮ್ಮ ತಲೆಯಾಡಿಸಿದರು. ಚಿಕಾಕೊ ದವಡೆ ಎತ್ತಿ ಗಂಟಲು ನೋಡುವ ದೀಪದ ಅಲಗನ್ನು ನಾಲಗೆಯ ಪಕ್ಕದಿಂದ ಒಳಕ್ಕಿಳಿಸಿದಳು. ಬೊಂಬೆಯಲ್ಲಿ ಕಾಣುವ ಉಸಿರ್ನಾಳದ ಸಣ್ಣ ಬಾಗಿಲು ಇಲ್ಲಿ ಕಾಣಲಿಲ್ಲ. ಬರೀ ಒದ್ದೆಯಾದ ಕೆಂಪು. ಇನ್ನಷ್ಟು ಎತ್ತಿದಳು, ಆದರೂ ಕಾಣಲಿಲ್ಲ.

"ಸಾಕು, ಪಕ್ಕಕ್ಕೆ ಬನ್ನಿ," ಎಂದರು ಡಾಕ್ಟರಮ್ಮ, ದನಿ ಏರಿಸದೆ. ಅವರ ಕೈಯಲ್ಲಿ ಕೊಳವೆ ನೀರಿಳಿದಂತೆ ಇಳಿಯಿತು.

ಮಧ್ಯಾಹ್ನ ಅವಳು ವಾರ್ಡಿಗೆ ಹೋದಳು. ಯಸುಜೊ ಕಣ್ಣು ಬಿಟ್ಟಿದ್ದ.

"ಆಗ್ಲಿಲ್ಲ ಅಜ್ಜ. ಡಾಕ್ಟರೇ ಹಾಕಿದ್ರು. ನನ್ನನ್ನ ಕ್ಷಮಿಸಿ."

"ಗಂಟಲು ಉರೀತಿದೆ," ಎಂದ ಗೊಗ್ಗರ ದನಿಯಲ್ಲಿ. ಹಿದೆ ನೀರಿನಲ್ಲದ್ದಿದ ಹತ್ತಿಯಿಂದ ಅವನ ತುಟಿ ಒರೆಸಿದಳು. "ಆಗ್ಲಿಲ್ಲ ಅಂದ್ಕೂಡ್ಲೇ ಕೈ ತೆಗೆದ್ಯಾ?" ಎಂದು ಯಸುಜೊ ಕೇಳಿದ.

"ಡಾಕ್ಟರು ಸಾಕು ಅಂದ್ರು, ತೆಗೆದೆ."

"ಸರಿ ಹಾಗಾದ್ರೆ."

ಅವನು ಕಣ್ಣು ಮುಚ್ಚಿಕೊಂಡ. ಅದು ಕ್ಷಮೆಯೋ ಆಯಾಸವೋ ಚಿಕಾಕೊಗೆ ತಿಳಿಯಲಿಲ್ಲ.

ಅದೇ ವಾರ ನಿವೃತ್ತ ಮೇಷ್ಟರೊಬ್ಬರು ಆಗುವುದಿಲ್ಲ ಎಂದರು. ಕ್ಷೌರದಂಗಡಿಯ ಹೆಂಗಸು ಒಪ್ಪಿದಳು. ಅವಳ ಗಂಟಲಲ್ಲಿ ಆ ಬಾಗಿಲು ಕಂಡಿತು, ಬೆಳ್ಳಗೆ, ತೆರೆದು. ಕೊಳವೆ ಒಳಹೊಕ್ಕಿತು. ಎದೆಯ ಎರಡೂ ಪಕ್ಕ ಒಟ್ಟಿಗೇ ಏರಿದ್ದನ್ನು ನೋಡುತ್ತ ಚಿಕಾಕೊ ತನ್ನ ಉಸಿರನ್ನು ಹೊರಗೆ ಬಿಟ್ಟಳು.