ಬಿಚ್ಚಿ ಹೊಲಿದ ಕಾಲರುಗಳು

ಹೊಲಿಗೆ ಕಾರ್ಖಾನೆಯ ಮೇಸ್ತ್ರಿಗೆ ಕೆಲಸ ಕಲಿಸಿದವನು ಕಾಲರಣ್ಣ. ನಲವತ್ತು ವರ್ಷ ಬರೀ ಅಂಗಿಯ ಕಾಲರು ಹೊಲಿದದ್ದಕ್ಕೆ ಬಂದ ಹೆಸರು ಅದು. ಆರು ತಿಂಗಳಿಂದ ಅವನ ಹೊಲಿಗೆ ಅಂಕುಡೊಂಕಾಗುತ್ತಿತ್ತು. ಅದನ್ನು ಅವನಿಗೆ ಹೇಳಲು ಮೇಸ್ತ್ರಿಗೆ ಬಾಯಿ ಬರಲಿಲ್ಲ. ಊಟದ ಬಿಡುವಿನಲ್ಲಿ ಕೆಟ್ಟ ಕಾಲರುಗಳನ್ನು ಗುಟ್ಟಾಗಿ ಬಿಚ್ಚಿ ತಾನೇ ಹೊಲಿದಿಡುತ್ತಿದ್ದ. ಸಂಜೆ ಕಾಲರಣ್ಣ ಕೇಳಿದರೆ, "ನಿಮ್ಮ ಕೆಲಸಕ್ಕೆ ಹೆಸರಿಡೋ ಹಾಗೇ ಇಲ್ಲ ಅಣ್ಣ," ಎನ್ನುತ್ತಿದ್ದ. ಇದನ್ನೇ ದೊಡ್ಡ ಮನಸ್ಸು ಎಂದುಕೊಂಡಿದ್ದ. ಪುಕ್ಕಲುತನ, ಅಷ್ಟೇ.

ಇವತ್ತು ಕಾಲರಣ್ಣ ತಡವಾಗಿ ಬಂದು ಮೇಸ್ತ್ರಿಯ ಮೇಜಿನ ಮುಂದೆ ನಿಂತ.

"ಮಗಳು ಕಣ್ಣಿನ ಡಾಕ್ಟರ ಹತ್ರ ಕರ್ಕೊಂಡು ಹೋಗಿದ್ಲು. ನರ ಸೋತಿದೆಯಂತೆ. ಆರು ತಿಂಗಳು ಮುಂಚೆ ಬಂದಿದ್ರೆ ದೃಷ್ಟಿ ಇಷ್ಟು ಹೋಗ್ತಿರ್ಲಿಲ್ಲ ಅಂದ್ರು. ಕೆಲಸದಲ್ಲಿ ಏನೂ ಏರುಪೇರು ಆಗ್ಲಿಲ್ವಾ ಅಂತ ಕೇಳಿದ್ರು. ಆಗಿದ್ರೆ ನಮ್ಮ ಮೇಸ್ತ್ರಿ ಹೇಳ್ದೆ ಇರ್ತಿದ್ನಾ ಅಂದೆ."

ಮೇಸ್ತ್ರಿ ಡ್ರಾಯರು ಎಳೆದು, ಬಿಚ್ಚಲೆಂದು ನಿನ್ನೆ ಬಚ್ಚಿಟ್ಟಿದ್ದ ಕಾಲರುಗಳನ್ನು ಅವನ ಮುಂದಿಟ್ಟ.

ಕಾಲರಣ್ಣ ಒಂದನ್ನೆತ್ತಿ ಹೊಲಿಗೆಯ ಮೇಲೆ ನಿಧಾನವಾಗಿ ಬೆರಳಾಡಿಸಿದ.

"ಯಾರದ್ದಿದು, ಇಷ್ಟು ಡೊಂಕು? ಪಾಪ, ಹೊಲಿದೋರಿಗೆ ಯಾರೂ ಹೇಳ್ಲೇ ಇಲ್ವಾ?"